ಅಂಗಡಿ ಬಾಕಿಗೆ ಕ್ರೆಡಿಟ್ ಕಾರ್ಡ್: ಬೆಳೆಗಾರರು ಲೆಕ್ಕ ಹಾಕಿ ನೋಡಲಿ

ಮೈಸೂರು ನಗರದಲ್ಲಿ ವ್ಯವಹಾರ ಇಟ್ಟುಕೊಂಡಿರುವ ನಮ್ಮ ಸದಸ್ಯರಲ್ಲಿ ಹಲವರು ಇತ್ತೀಚೆಗೆ ಒಂದೇ ಪ್ರಶ್ನೆಯನ್ನು ಕೇಳುತ್ತಿದ್ದಾರೆ. ಗೊಬ್ಬರದ ಅಂಗಡಿ, ಪೈಪು-ಮೋಟಾರಿನ ಅಂಗಡಿ, ಸಂತೇಪೇಟೆಯ ದಿನಸಿ, ಸಯ್ಯಾಜಿರಾವ್ ರಸ್ತೆಯ ಬಟ್ಟೆ, ಹೀಗೆ ನಾಲ್ಕೈದು ಕಡೆ ನಿಂತಿರುವ ಬಾಕಿಯನ್ನೆಲ್ಲ ಒಂದೇ ಸಲಕ್ಕೆ ಕ್ರೆಡಿಟ್ ಕಾರ್ಡಿನಿಂದ ಚುಕ್ತಾ ಮಾಡಿ, ಆಮೇಲೆ ಬ್ಯಾಂಕಿಗೆ ಮಾತ್ರ ಕಟ್ಟಿಕೊಂಡು ಹೋದರೆ ಹೇಗೆ ಎಂಬುದೇ ಆ ಪ್ರಶ್ನೆ. ನಾಲ್ಕು ಜನರ ಮುಂದೆ ತಲೆ ತಗ್ಗಿಸುವುದಕ್ಕಿಂತ ಒಂದೇ ಕಡೆ ಸಾಲವಿದ್ದರೆ ಮನಸ್ಸಿಗೆ ನೆಮ್ಮದಿ ಎನ್ನುವುದು ಅವರ ವಾದ. ಈ ವಾದವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಆದರೂ, ವರ್ಷಕ್ಕೊಮ್ಮೆ ಫಸಲಿನ ಹಣ ಕಾಣುವ ಸಣ್ಣ ಬೆಳೆಗಾರನಿಗೆ ತಿಂಗಳಿಗೊಮ್ಮೆ ಬಿಲ್ಲು ಕಳಿಸುವ ಸಾಲ ಹೊಂದುವುದಿಲ್ಲ ಎಂಬುದು ನಮ್ಮ ಅಭಿಪ್ರಾಯ. ಅದಕ್ಕೆ ಕಾರಣಗಳನ್ನೂ, ಬೇರೆ ದಾರಿಗಳನ್ನೂ ಇಲ್ಲಿ ವಿವರಿಸುತ್ತೇವೆ.

ಮೊದಲು ಅಂಗಡಿ ಬಾಕಿ ಬೆಳೆಯುವ ಬಗೆಯನ್ನು ನೋಡೋಣ. ಮೇ-ಜೂನ್ ತಿಂಗಳಲ್ಲಿ ಮಕ್ಕಳ ಶಾಲೆ, ಕಾಲೇಜಿನ ಶುಲ್ಕ ಬರುತ್ತದೆ. ಅದೇ ಸಮಯಕ್ಕೆ ಮುಂಗಾರಿನ ಗೊಬ್ಬರ ಆಗಬೇಕು, ಅಡಿಕೆಗೆ ಕೊಳೆರೋಗ ಬರದಂತೆ ಬೋರ್ಡೋ ದ್ರಾವಣಕ್ಕೆ ಮೈಲುತುತ್ತು ಆಗಬೇಕು. ಮಳೆ ಬಿಟ್ಟ ಮೇಲೆ ಮತ್ತೊಮ್ಮೆ ಗೊಬ್ಬರ, ಕಳೆ, ಆಳುಗಳ ವಾರದ ಬಟವಾಡೆ. ಕಾಫಿ ಕುಯ್ಲು, ಅಡಿಕೆ ಕುಯ್ಲು ಮುಗಿದು ಹಣ ಕೈಸೇರುವುದು ಡಿಸೆಂಬರಿನಿಂದ ಮಾರ್ಚಿಯೊಳಗೆ. ಅದರಲ್ಲೂ ಹೂಮಳೆ ಕೈಕೊಟ್ಟ ವರ್ಷ ತುಂತುರು ನೀರಾವರಿಯ ಡೀಸೆಲ್ಲಿಗೆ ಒಂದು ಪಾಲು ಹೋಗುತ್ತದೆ. ಹೀಗೆ ಆರೇಳು ತಿಂಗಳು ಖರ್ಚು ಮುಂದೆ, ಆದಾಯ ಹಿಂದೆ. ನಡುವಿನ ಈ ಕಂದಕವನ್ನು ತುಂಬುತ್ತ ಬಂದದ್ದು ಅಂಗಡಿಯವರ ಉದ್ರಿ ಪುಸ್ತಕವೇ.

ಇದು ಹೊಸ ಸಂಗತಿಯಲ್ಲ. ಕಾಫಿ ಮಂಡಳಿಯ ಪೂಲ್ ಪದ್ಧತಿ ಇದ್ದಾಗ ಹಣ ಕಂತುಕಂತಾಗಿ ಬರುತ್ತಿತ್ತು, ಒಂದು ಕಂತಿಗೂ ಇನ್ನೊಂದಕ್ಕೂ ನಡುವೆ ಬೆಳೆಗಾರ ಅಂಗಡಿಯನ್ನೇ ನಂಬಿದ್ದ. 1992ರಿಂದ ಆ ಪದ್ಧತಿ ಹಂತಹಂತವಾಗಿ ಸಡಿಲಗೊಂಡು 1996ರಲ್ಲಿ ಮುಕ್ತ ಮಾರಾಟ ಪೂರ್ತಿಯಾಗಿ ಬಂದಿತು. ಮಾರುವ ಸ್ವಾತಂತ್ರ್ಯ ಬೆಳೆಗಾರನಿಗೆ ಸಿಕ್ಕಿತು. ಆದರೆ ಫಸಲು ವರ್ಷಕ್ಕೊಂದೇ ಎಂಬ ಪ್ರಕೃತಿಯ ನಿಯಮ ಬದಲಾಗಲಿಲ್ಲ.

ಅಂಗಡಿಯ ಉದ್ರಿ ಪುಕ್ಕಟೆ ಎಂದು ನಾವು ಹೇಳುತ್ತಿಲ್ಲ. ಬಡ್ಡಿ ಎಂಬ ಹೆಸರು ಅಲ್ಲಿ ಕಾಣಿಸದಿದ್ದರೂ ಅದು ಬೆಲೆಯೊಳಗೆ ಅಡಗಿರುತ್ತದೆ. ನಗದಿಗೆ 18,000 ರೂ. ಹೇಳುವ ಕಳೆ ಕೊಚ್ಚುವ ಯಂತ್ರವನ್ನು ಆರು ತಿಂಗಳ ಉದ್ರಿಗೆ 19,000 ರೂ. ಎಂದರೆ, ಹೆಚ್ಚಿನ ಸಾವಿರ ರೂಪಾಯಿ ಬಡ್ಡಿಯೇ ಸರಿ. ವರ್ಷಕ್ಕೆ ಲೆಕ್ಕ ಹಾಕಿದರೆ ಶೇ. 11ರಷ್ಟಾಗುತ್ತದೆ. ಕೆಲವರು ವಾಯಿದೆ ಮೀರಿದ ಮೇಲೆ ತಿಂಗಳಿಗೆ ನೂರಕ್ಕೆ 2 ರೂ. ಎಂದು ಬಾಯಿಮಾತಿನಲ್ಲಿ ಸೇರಿಸುವುದೂ ಉಂಟು. ಆದುದರಿಂದ ಪ್ರತಿ ಸದಸ್ಯರೂ ಮೊದಲು ಮಾಡಬೇಕಾದ ಕೆಲಸವೆಂದರೆ, ಪ್ರತಿ ಅಂಗಡಿಯಿಂದಲೂ ಲೆಕ್ಕವನ್ನು ಬರೆಸಿಕೊಂಡು, ಅಸಲೆಷ್ಟು, ಮೇಲೆ ಸೇರಿದ್ದೆಷ್ಟು ಎಂದು ಬೇರ್ಪಡಿಸುವುದು. ಈ ಕಾಗದ ಕೈಯಲ್ಲಿಲ್ಲದೆ ಯಾವ ಸಾಲದಿಂದ ಯಾವ ಸಾಲವನ್ನು ತೀರಿಸಿದರೂ ಅದು ಕತ್ತಲಲ್ಲಿ ನಡೆದಂತೆ.

ಇನ್ನು ಕಾರ್ಡಿನ ವಿಚಾರ. ನಮ್ಮ ದೇಶದಲ್ಲಿ ಮೊದಲ ಬಾರಿಗೆ 1980ರಲ್ಲಿ ಸೆಂಟ್ರಲ್ ಬ್ಯಾಂಕ್ ಆಫ್ ಇಂಡಿಯಾ ಕ್ರೆಡಿಟ್ ಕಾರ್ಡನ್ನು ತಂದಿತು. ಬಹಳ ಕಾಲ ಅದು ದೊಡ್ಡ ಊರಿನ ದೊಡ್ಡ ಸಂಬಳದವರ ವಸ್ತುವಾಗಿತ್ತು. ಈಗ ಮೈಸೂರಿನ ಪೆಟ್ರೋಲ್ ಬಂಕಿನಲ್ಲಿ, ದೊಡ್ಡ ಅಂಗಡಿಗಳ ಬಾಗಿಲಲ್ಲಿ, ಫೋನಿನಲ್ಲಿ ಕಾರ್ಡು ಬೇಕೇ ಎಂದು ಕೇಳುವವರಿದ್ದಾರೆ. ಕಾರ್ಡಿನ ಗುಣವನ್ನು ನ್ಯಾಯವಾಗಿ ಹೇಳಬೇಕಾದರೆ, ಅದಕ್ಕೆ ತೋಟದ ಪತ್ರವನ್ನು ಅಡವಿಡಬೇಕಾಗಿಲ್ಲ. ಕೊಂಡ ಪ್ರತಿ ವಸ್ತುವಿನ ವಿವರ ಬಿಲ್ಲಿನಲ್ಲಿ ಬರುತ್ತದೆ. ಬಿಲ್ಲಿನ ಪೂರ್ತಿ ಹಣವನ್ನು ಗಡುವಿನೊಳಗೆ ಕಟ್ಟಿದರೆ ಸಾಮಾನ್ಯವಾಗಿ 45-50 ದಿನದವರೆಗೆ ಬಡ್ಡಿಯೇ ಇರುವುದಿಲ್ಲ. ತಿಂಗಳ ಸಂಬಳ ಬರುವವರಿಗೆ ಇದು ಒಳ್ಳೆಯ ಅನುಕೂಲ.

ತೊಂದರೆ ಶುರುವಾಗುವುದು ಪೂರ್ತಿ ಕಟ್ಟಲಾಗದಾಗ. ಆಗ ಬಡ್ಡಿ ಖರೀದಿಯ ದಿನದಿಂದಲೇ ಲೆಕ್ಕಕ್ಕೆ ಬರುತ್ತದೆ. ಹಳೆಯ ಬಾಕಿ ಉಳಿದಿರುವವರೆಗೆ ಹೊಸದಾಗಿ ಕೊಂಡ ಅಕ್ಕಿ ಬೇಳೆಗೂ ಬಡ್ಡಿರಹಿತ ದಿನಗಳು ಸಿಗುವುದಿಲ್ಲ. ಅನೇಕ ಕಾರ್ಡುಗಳ ಬಡ್ಡಿ ತಿಂಗಳಿಗೆ ಶೇ. 3ರಿಂದ 3.75ರವರೆಗೆ ಇದೆ, ಅಂದರೆ ವರ್ಷಕ್ಕೆ ಶೇ. 36ರಿಂದ 45. ಆ ಬಡ್ಡಿಯ ಮೇಲೆ ಶೇ. 18ರ ಜಿ.ಎಸ್.ಟಿ. ಬೇರೆ. ಕಾರ್ಡಿನಿಂದ ನಗದು ತೆಗೆದರೆ ತೆಗೆದ ದಿನದಿಂದಲೇ ಬಡ್ಡಿ, ಜೊತೆಗೆ ಶುಲ್ಕ.

ಒಂದು ಲಕ್ಷ ರೂಪಾಯಿ ಅಂಗಡಿ ಬಾಕಿಯನ್ನು ಜೂನ್ ತಿಂಗಳಲ್ಲಿ ಕಾರ್ಡಿಗೆ ವರ್ಗಾಯಿಸಿದೆವು ಎಂದಿಟ್ಟುಕೊಳ್ಳೋಣ. ಬಡ್ಡಿ ತಿಂಗಳಿಗೆ ಶೇ. 3.5 ಎಂದರೆ 3,500 ರೂ., ಅದರ ಮೇಲಿನ ತೆರಿಗೆ 630 ರೂ., ಒಟ್ಟು 4,130 ರೂ. ಬಿಲ್ಲಿನಲ್ಲಿ 'ಕನಿಷ್ಠ ಪಾವತಿ' ಎಂದು ಬಾಕಿಯ ಶೇ. 5ನ್ನು, ಅಂದರೆ 5,000 ರೂ. ಕೇಳುತ್ತಾರೆ ಎನ್ನೋಣ. ನಾವು ನಿಷ್ಠೆಯಿಂದ ಅದನ್ನು ಕಟ್ಟಿದರೂ ಅಸಲಿಗೆ ಸೇರುವುದು 870 ರೂ. ಮಾತ್ರ. ಹೀಗೆಯೇ ಎಂಟು ತಿಂಗಳು ತಪ್ಪದೆ ಕಟ್ಟಿಕೊಂಡು ಬಂದರೆ, ಜನವರಿ ಮುಗಿಯುವ ಹೊತ್ತಿಗೆ ನಮ್ಮ ಕೈಯಿಂದ ಹೋದದ್ದು ಸುಮಾರು 38,800 ರೂ. ಉಳಿದಿರುವ ಸಾಲ ಇನ್ನೂ ಸುಮಾರು 93,200 ರೂ. ಎಂಟು ತಿಂಗಳಿಗೆ ತೆತ್ತ ಬಡ್ಡಿ ಮತ್ತು ತೆರಿಗೆ 32,000 ರೂ. ಮೀರುತ್ತದೆ.

ಅದೇ ಲಕ್ಷವನ್ನು ತಿಂಗಳಿಗೆ ನೂರಕ್ಕೆ 2 ರೂ. ಕೇಳುವ ಅಂಗಡಿಯಲ್ಲೇ ಬಿಟ್ಟಿದ್ದರೆ ಎಂಟು ತಿಂಗಳಿಗೆ 16,000 ರೂ. ಆಗುತ್ತಿತ್ತು. ವರ್ಷಕ್ಕೆ ಶೇ. 12ರ ಚಿನ್ನದ ಸಾಲ ತೆಗೆದಿದ್ದರೆ 8,000 ರೂ. ಆಗುತ್ತಿತ್ತು. ಗಟ್ಟಿ ಬಡ್ಡಿ ಎಂದು ನಾವು ಬೈಯುವ ಅಂಗಡಿಯೇ ಇಲ್ಲಿ ಅಗ್ಗವಾಯಿತು. ಅದಕ್ಕಿಂತ ದೊಡ್ಡ ವ್ಯತ್ಯಾಸವೆಂದರೆ, ಜೂನಿನಿಂದ ಜನವರಿಯವರೆಗೆ ತಿಂಗಳು ತಿಂಗಳೂ ಆ 5,000 ರೂ. ತರುವುದು ಎಲ್ಲಿಂದ? ಆಳುಗಳ ಬಟವಾಡೆಯಿಂದ ಕಿತ್ತು ಕೊಡಬೇಕು, ಇಲ್ಲವೇ ಎರಡನೆಯ ಸುತ್ತಿನ ಗೊಬ್ಬರವನ್ನು ಬಿಡಬೇಕು. ಗೊಬ್ಬರ ಬಿಟ್ಟ ಗಿಡ ಮುಂದಿನ ವರ್ಷ ಅದರ ಲೆಕ್ಕವನ್ನು ಒಪ್ಪಿಸುತ್ತದೆ.

ಅಂಗಡಿಯವರು ಫಸಲನ್ನು ನೋಡಿ ಕಾಯುತ್ತಾರೆ. ಈ ಸಲ ಕಾಯಿ ಉದುರಿತು ಎಂದರೆ ಅವರಿಗೆ ಅರ್ಥವಾಗುತ್ತದೆ. ಕಾರ್ಡಿನ ಗಡುವಿಗೆ ಮಳೆ ಬೆಳೆ ತಿಳಿಯದು. ಗಡುವು ದಾಟಿ ಮೂರು ದಿನ ಮೀರಿದರೆ ತಡವಾದ ಶುಲ್ಕ ಬೀಳುತ್ತದೆ, ಸಾಲ ಮಾಹಿತಿ ಸಂಸ್ಥೆಗಳಿಗೆ ವರದಿಯೂ ಹೋಗಬಹುದು. ಉದ್ರಿ ಪುಸ್ತಕದ ಬಾಕಿ ಆ ದಾಖಲೆಗೆ ಏರುವುದಿಲ್ಲ. ಬಟ್ಟೆ ದಿನಸಿಯ ಬಾಕಿಯೊಂದು ಕಾರ್ಡಿನ ಮೂಲಕ ಆ ದಾಖಲೆಗೆ ಏರಿ, ಮುಂದೆ ಬ್ಯಾಂಕಿನಲ್ಲಿ ಬೆಳೆ ಸಾಲಕ್ಕೋ ಮಕ್ಕಳ ವಿದ್ಯಾಭ್ಯಾಸದ ಸಾಲಕ್ಕೋ ಅಡ್ಡ ಬಂದರೆ, ಮೂಗಿಗಿಂತ ಮೂಗುತಿ ಭಾರವಾದಂತೆ.

ಕಾನೂನು ಕಾಪಾಡುತ್ತದೆ ಎಂದು ಕುಳಿತುಕೊಳ್ಳುವಂತೆಯೂ ಇಲ್ಲ. ಕಾರ್ಡಿನ ಬಾಕಿಗೆ ವರ್ಷಕ್ಕೆ ಶೇ. 30ಕ್ಕಿಂತ ಹೆಚ್ಚು ಬಡ್ಡಿ ಹಾಕುವುದು ಅನ್ಯಾಯದ ವ್ಯಾಪಾರ ಪದ್ಧತಿ ಎಂದು ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ತೀರ್ಪು ಕೊಟ್ಟಿತ್ತು. 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಆ ತೀರ್ಪನ್ನು ರದ್ದುಮಾಡಿತು. ರಿಸರ್ವ್ ಬ್ಯಾಂಕು 2022ರ ನಿರ್ದೇಶನಗಳಲ್ಲಿ ಕೆಲವು ರಕ್ಷಣೆಗಳನ್ನು ಕೊಟ್ಟಿದೆ. ಕೇಳದೆ ಕಾರ್ಡು ಕೊಡುವಂತಿಲ್ಲ. ಬಾಕಿಯೆಲ್ಲ ತೀರಿದ ಮೇಲೆ ಗ್ರಾಹಕ ಕೇಳಿದರೆ ಏಳು ಕೆಲಸದ ದಿನಗಳೊಳಗೆ ಕಾರ್ಡನ್ನು ಮುಚ್ಚಬೇಕು, ತಡಮಾಡಿದರೆ ದಿನಕ್ಕೆ 500 ರೂ. ದಂಡ ಕೊಡಬೇಕು. ಕನಿಷ್ಠ ಮೊತ್ತವನ್ನೇ ಕಟ್ಟುತ್ತ ಹೋದರೆ ಸಾಲ ತಿಂಗಳು, ವರ್ಷಗಟ್ಟಲೆ ಎಳೆಯುತ್ತದೆ ಎಂದು ಬಿಲ್ಲಿನಲ್ಲೇ ಎಚ್ಚರಿಸಬೇಕು. ಆ ಎಚ್ಚರಿಕೆ ಸಣ್ಣ ಅಕ್ಷರದಲ್ಲಿದ್ದರೂ ಮನೆಯಲ್ಲಿ ಓದು ಬರುವ ಮಕ್ಕಳಿಂದ ಓದಿಸಿ ಕೇಳಿರಿ.

ಹಾಗಾದರೆ ಕಾರ್ಡು ಯಾರಿಗೂ ಬೇಡವೇ? ಎರಡು ಸಂದರ್ಭಗಳಲ್ಲಿ ಅಡ್ಡಿಯಿಲ್ಲ ಎನ್ನುತ್ತೇವೆ. ಮಾರಿದ ಕಾಫಿಯ ಅಥವಾ ಗೋದಾಮಿನಲ್ಲಿರುವ ಮೆಣಸಿನ ಹಣ ಮುಂದಿನ ಬಿಲ್ಲಿನ ಗಡುವಿನೊಳಗೆ ಖಚಿತವಾಗಿ ಬರುವುದಿದ್ದು, ಈಗಲೇ ಚುಕ್ತಾ ಮಾಡಿದರೆ ಅಂಗಡಿಯವರು ರಿಯಾಯಿತಿ ಕೊಡುವುದಾದರೆ, ಕಾರ್ಡಿನಿಂದ ತೀರಿಸಿ ಗಡುವಿನೊಳಗೆ ಪೂರ್ತಿ ಕಟ್ಟಬಹುದು. ಕಾರ್ಡು ಉಜ್ಜಿದ್ದಕ್ಕೆ ಅಂಗಡಿಯವರು ಹೆಚ್ಚುವರಿ ಹಣ ಕೇಳುತ್ತಾರೆಯೇ ಎಂದು ಮೊದಲೇ ವಿಚಾರಿಸಿಕೊಳ್ಳಿ. ಎರಡನೆಯದಾಗಿ, ಮನೆಯಲ್ಲಿ ಮಗನದೋ ಸೊಸೆಯದೋ ತಿಂಗಳ ಸಂಬಳವಿದ್ದು, ಅಥವಾ ಡೇರಿಯ ಹಾಲಿನ ಹಣ ತಪ್ಪದೆ ಬರುತ್ತಿದ್ದು, ಕಾರ್ಡಿನ ಬಾಕಿಯನ್ನು ಕಡಿಮೆ ಬಡ್ಡಿಯ ನಿಗದಿತ ಕಂತುಗಳಿಗೆ ಬದಲಾಯಿಸಿಕೊಂಡರೆ ಲೆಕ್ಕ ಕೂಡಬಹುದು. ಆಗಲೂ ಪರಿಷ್ಕರಣ ಶುಲ್ಕ, ಬಡ್ಡಿಯ ಮೇಲಿನ ತೆರಿಗೆ, ಅವಧಿಗೆ ಮುಂಚೆ ತೀರಿಸಿದರೆ ಬೀಳುವ ದಂಡ, ಇವನ್ನು ಸೇರಿಸಿಯೇ ಲೆಕ್ಕ ಹಾಕಬೇಕು. ವಸ್ತು ಮಾರದೆ ಸುಳ್ಳು ಬಿಲ್ಲು ಮಾಡಿ ಕಾರ್ಡಿನ ಮೇಲೆ ನಗದು ಕೊಡುತ್ತೇವೆ ಎನ್ನುವವರ ಹತ್ತಿರ ಮಾತ್ರ ಯಾವ ಕಾರಣಕ್ಕೂ ಹೋಗಬೇಡಿ.

ಸಂಬಳದವರ ಕ್ರೆಡಿಟ್ ಕಾರ್ಡಿಗೂ 1998ರಲ್ಲಿ ಜಾರಿಗೆ ಬಂದ ಕಿಸಾನ್ ಕ್ರೆಡಿಟ್ ಕಾರ್ಡಿಗೂ ಹೆಸರಿನಲ್ಲಿ ಮಾತ್ರ ಹೋಲಿಕೆ ಎಂಬುದನ್ನು ಸದಸ್ಯರು ಮರೆಯಬಾರದು. ಕಿಸಾನ್ ಕಾರ್ಡಿನ ವಾಯಿದೆ ಫಸಲನ್ನು ಅನುಸರಿಸುತ್ತದೆ. ಅದರ ಮಿತಿ ಕಟ್ಟುವಾಗ ಬೆಳೆಯ ಖರ್ಚಿನ ಜೊತೆಗೆ ಕುಯ್ಲೋತ್ತರ ಮತ್ತು ಮನೆಖರ್ಚಿಗೆಂದು ಶೇ. 10, ತೋಟದ ಆಸ್ತಿಗಳ ದುರಸ್ತಿಗೆಂದು ಶೇ. 20 ಸೇರಿಸಲು ಯೋಜನೆಯಲ್ಲೇ ಅವಕಾಶವಿದೆ. ಸಹಕಾರ ಸಂಘಗಳ ಅಲ್ಪಾವಧಿ ಬೆಳೆ ಸಾಲಕ್ಕೆ ಶೂನ್ಯ ಬಡ್ಡಿಯ ಮಿತಿಯನ್ನು ರಾಜ್ಯ ಸರ್ಕಾರ 2023ರ ಆಯವ್ಯಯದಲ್ಲಿ 3 ಲಕ್ಷದಿಂದ 5 ಲಕ್ಷ ರೂಪಾಯಿಗೆ ಏರಿಸಿತು. ವಾಯಿದೆಯೊಳಗೆ ಮರುಪಾವತಿ ಮಾಡಿದವರಿಗೆ ಮಾತ್ರ ಈ ಅನುಕೂಲ. ಗೊಬ್ಬರ, ಔಷಧಿಗೆ ಈ ಹಣವನ್ನು ಹೊತ್ತಿಗೆ ಸರಿಯಾಗಿ ಬಳಸಿದರೆ ಅಂಗಡಿಯ ಬಾಕಿ ಹುಟ್ಟುವುದೇ ಕಡಿಮೆಯಾಗುತ್ತದೆ.

ಇಲ್ಲಿ ನಮ್ಮ ಸಹಕಾರ ಕ್ಷೇತ್ರದ ಲೋಪವನ್ನೂ ಹೇಳದೆ ವಿಧಿಯಿಲ್ಲ. ಅಣ್ಣತಮ್ಮಂದಿರಲ್ಲಿ ಹಿಸ್ಸೆಯಾಗದ ತೋಟ, ಅಜ್ಜನ ಹೆಸರಲ್ಲೇ ಉಳಿದ ಪಹಣಿ, ಕೊಡಗಿನ ಜಮ್ಮಾ ಹಿಡುವಳಿಯ ತೊಡಕು, ಇವುಗಳಿಂದ ದುಡಿಯುವವನ ಹೆಸರಿಗೆ ಸಾಲ ಸಿಗುವುದಿಲ್ಲ. ಸಿಕ್ಕರೂ ಮುಂಗಾರು ಮುಗಿದ ಮೇಲೆ ಸಿಗುತ್ತದೆ. ಕಾರ್ಡಿನವನು ನಾಲ್ಕು ದಿನದಲ್ಲಿ ಮನೆಗೆ ತಂದು ಕೊಡುವಾಗ, ಸಂಘ ನಾಲ್ಕು ತಿಂಗಳು ಅಲೆಸಿದರೆ ಬೆಳೆಗಾರ ಎತ್ತ ಹೋದಾನು? ಕಾರ್ಡು ತೆಗೆದುಕೊಂಡವರನ್ನು ದೂರುವ ಮೊದಲು ನಾವು ಈ ಪ್ರಶ್ನೆಗೆ ಉತ್ತರ ಹೇಳಬೇಕು.

ಸಹಕಾರ ಚಳವಳಿ ಹುಟ್ಟಿದ್ದೇ ಅಂಗಡಿ ಸಾಲದ ಬೇಗುದಿಯಲ್ಲಿ. 1844ರಲ್ಲಿ ಇಂಗ್ಲೆಂಡಿನ ರಾಚ್‌ಡೇಲ್ ಊರಿನಲ್ಲಿ 28 ಮಂದಿ ಕೂಡಿ ತಮ್ಮದೇ ಅಂಗಡಿ ತೆರೆದಾಗ, ನಗದು ವ್ಯಾಪಾರ ಅವರ ಮುಖ್ಯ ನಿಯಮಗಳಲ್ಲೊಂದಾಗಿತ್ತು. ನಮ್ಮ ನಾಡಿನಲ್ಲಿ 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರ ಮುಂದಾಳುತನದಲ್ಲಿ ಕೃಷಿ ಸಹಕಾರ ಸಂಘ ಹುಟ್ಟಿದ್ದು ರೈತನಿಗೆ ಕೈಗೆಟಕುವ ಸಾಲ ಒದಗಿಸಲು. 1970ರ ಸುಮಾರಿಗೆ ಅಡಿಕೆ ಧಾರಣೆ ನೆಲಕಚ್ಚಿದಾಗ 1973ರಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೊ ಕಟ್ಟಿದ್ದೂ ಬೆಳೆಗಾರರು ಒಟ್ಟಾಗಿ ನಿಂತದ್ದರಿಂದಲೇ. ಒಬ್ಬೊಬ್ಬರೇ ಹೊರಲಾಗದ ಭಾರವನ್ನು ಕೂಡಿ ಹೊರುವುದು ನಮಗೆ ಹೊಸದಲ್ಲ.

ಆದುದರಿಂದ ನಮ್ಮ ಸಲಹೆ ಇಷ್ಟು. ಉಪವಿಧಿಗಳು ಅವಕಾಶ ಕೊಡುವ ಮಟ್ಟಿಗೆ, ಸಂಘವು ಸದಸ್ಯರ ಅಂಗಡಿ ಬಾಕಿ ತೀರಿಸಲೆಂದೇ ಒಂದು ಸಣ್ಣ ಸಾಲವನ್ನು ಏರ್ಪಡಿಸಲಿ. ಸದಸ್ಯರು ಎಲ್ಲ ಅಂಗಡಿಗಳ ಲೆಕ್ಕವನ್ನು ಬರಹದಲ್ಲಿ ತರಲಿ. ಹತ್ತಾರು ಸದಸ್ಯರ ಬಾಕಿ ಒಂದೇ ಅಂಗಡಿಯಲ್ಲಿದ್ದರೆ ಸಂಘವೇ ಕೂತು ಮಾತಾಡಿ ರಿಯಾಯಿತಿ ಕೇಳಲಿ. ಹಣ ಸದಸ್ಯರ ಕೈಗೆ ಹೋಗದೆ ನೇರವಾಗಿ ಅಂಗಡಿಗೆ ಸಂದಾಯವಾಗಲಿ, ರಸೀದಿ ಸಂಘದ ಕಡತದಲ್ಲಿರಲಿ. ಫಸಲು ಸಂಘಕ್ಕೆ ಬಂದಾಗ ಮುರಿದುಕೊಳ್ಳಲಿ. ಗೊಬ್ಬರ, ಮೈಲುತುತ್ತನ್ನು ಏಪ್ರಿಲಿನಲ್ಲೇ ಒಟ್ಟಾಗಿ ನಗದಿಗೆ ಕೊಳ್ಳುವ ವ್ಯವಸ್ಥೆಯೂ ಇದರ ಜೊತೆಗೇ ಆಗಬೇಕು. ಬೇರು ಹಾಗೆಯೇ ಉಳಿದರೆ ಕಳೆ ಮತ್ತೆ ಚಿಗುರುತ್ತದೆ.

ಸದಸ್ಯರ ಮೇಲೂ ಒಂದು ಹೊಣೆಯಿದೆ. ಬಾಕಿಯನ್ನು ಯಾವ ದಾರಿಯಿಂದ ತೀರಿಸಿದರೂ ತೀರಿಸಿದ ದಿನವೇ ಅಂಗಡಿಯ ಪುಸ್ತಕದಲ್ಲಿ 'ಚುಕ್ತಾ' ಎಂದು ಬರೆಸಿ ಸಹಿ ಪಡೆಯಿರಿ. ಒಂದು ಫಸಲಿನ ಮಟ್ಟಿಗಾದರೂ ಅಲ್ಲಿ ಹೊಸ ಉದ್ರಿ ಬೇಡ ಎಂದು ಮನೆಯವರೆಲ್ಲ ಕೂತು ನಿಶ್ಚಯಿಸಿ. ಹಳೆಯ ಸಾಲ ಬ್ಯಾಂಕಿನಲ್ಲಿ, ಹೊಸ ಸಾಲ ಅಂಗಡಿಯಲ್ಲಿ ಎಂದಾದರೆ ಒಂದು ಮಾಡಹೊರಟ ಸಾಲ ಎರಡಾಗುತ್ತದೆ.

ಕಾರ್ಡಿಗೆ ಸಹಿ ಹಾಕುವ ಮೊದಲು ಸಂಘದ ಕಚೇರಿಗೆ ಬಂದು ಕಾರ್ಯದರ್ಶಿಯವರೊಂದಿಗೆ ಕಾಗದ ಪೆನ್ಸಿಲು ಹಿಡಿದು ಅರ್ಧ ಗಂಟೆ ಲೆಕ್ಕ ಹಾಕಿ ನೋಡಿರಿ ಎಂದು ಸದಸ್ಯ ಬಂಧುಗಳಲ್ಲಿ ಕೋರುತ್ತೇವೆ. ಮೇಲಿನ ಸಲಹೆಯನ್ನು ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಚರ್ಚೆಗೆ ಎತ್ತಿಕೊಳ್ಳಬೇಕೆಂದು ಆಡಳಿತ ಮಂಡಳಿಯನ್ನೂ ಒತ್ತಾಯಿಸುತ್ತೇವೆ.