ತುಂಬಿದ ಜಲಾಶಯ ಮತ್ತು ಪ್ರಮಾದ

ಕನ್ನಂಬಾಡಿಯಲ್ಲಿ ನೀರಿನ ಮಟ್ಟ 124.80 ಅಡಿ ಮುಟ್ಟಿತೆಂದರೆ ಮಂಡ್ಯಕ್ಕೆ ಹಬ್ಬ. ವಿಶ್ವೇಶ್ವರಯ್ಯ ನಾಲೆಯನ್ನು ನಂಬಿ ಕಬ್ಬು, ಭತ್ತ ಬೆಳೆಯುವವರು ಹಿಗ್ಗುವುದು ಸಹಜವೇ. 2025ರಲ್ಲಿ ಜೂನ್ ತಿಂಗಳಲ್ಲೇ ಕೃಷ್ಣರಾಜಸಾಗರ ತುಂಬಿತು. ಅದರ ಇತಿಹಾಸದಲ್ಲಿ ಹೀಗಾದದ್ದು ಅದೇ ಮೊದಲು. ಬಾಗಿನವೂ ಅರ್ಪಿತವಾಯಿತು. ಆದರೆ ಕೊಡಗಿನ ಜುಲೈ, ಆಗಸ್ಟ್ ಮಳೆ ಇನ್ನೂ ಬಾಕಿಯಿರುವಾಗ ಅಂಚಿನವರೆಗೆ ತುಂಬಿದ ಜಲಾಶಯ ಮುಂದಿನ ನೀರನ್ನು ಎಲ್ಲಿಡಬೇಕು?

ಈ ಪ್ರಶ್ನೆಗೆ ಉತ್ತರ ಹೇಳಬೇಕಾಗುವುದು ಮಳವಳ್ಳಿಯ ನದೀತೀರ. ಕನ್ನಂಬಾಡಿಯಿಂದ ಬಿಟ್ಟ ನೀರೂ ವಯನಾಡಿನ ಮಳೆಯನ್ನು ಹೊತ್ತ ಕಬಿನಿಯ ನೀರೂ ತಿರುಮಕೂಡಲು ನರಸೀಪುರದಲ್ಲಿ ಕೂಡಿ ಶಿವನಸಮುದ್ರಕ್ಕೆ ಬರುತ್ತವೆ. 2018ರಲ್ಲಿ ಅಲ್ಲಿನ ಪುರಾತನ ವೆಸ್ಲಿ ಸೇತುವೆಯ ಒಂದು ಭಾಗ ಕೊಚ್ಚಿಹೋಯಿತು. ಮರುವರ್ಷವೂ ಪ್ರವಾಹ ತಪ್ಪಲಿಲ್ಲ. ಹೀಗೆ ನೀರು ಏಕಾಏಕಿ ಏರಿದಾಗ ರಂಗನತಿಟ್ಟಿನ ತಗ್ಗುಬಂಡೆಗಳ ಮೇಲಿನ ಗೂಡು, ಮೊಟ್ಟೆಗಳ ಗತಿಯನ್ನು ಯಾವ ಇಲಾಖೆಯ ನಷ್ಟಪಟ್ಟಿಯಲ್ಲಿ ಬರೆಯಬೇಕು? ಮದ್ದೂರಿಗೆ ಶಿಂಷೆಯ ಭಯ ಬೇರೆ. ಕುಣಿಗಲ್ ಸೀಮೆಯ ಮಾರ್ಕೋನಹಳ್ಳಿ ಜಲಾಶಯಕ್ಕೆ ಸ್ವಯಂಚಾಲಿತ ಸೈಫನ್ನುಗಳಿವೆ. ನೀರು ಗೊತ್ತಾದ ಮಟ್ಟ ಮುಟ್ಟಿದೊಡನೆ ತಾನೇ ಹೊರಬೀಳುತ್ತದೆ, ಯಾರ ಅಪ್ಪಣೆಗೂ ಕಾಯದು. 2022ರಲ್ಲಿ ಶಿಂಷೆ ಉಕ್ಕಿತು.

ಇದನ್ನೆಲ್ಲ ದೈವೇಚ್ಛೆ ಎನ್ನುವವರಿದ್ದಾರೆ. ಕರ್ಮಸಿದ್ಧಾಂತವನ್ನು ಬಲ್ಲ ಶ್ರಾವಕರ ಬಾಯಲ್ಲಿ ಈ ಮಾತು ಒಪ್ಪುವುದಿಲ್ಲ. ಕೊಲ್ಲುವ ಸಂಕಲ್ಪವಿಲ್ಲದಿದ್ದರೂ ಎಚ್ಚರಗೇಡಿತನದಿಂದ ಆದ ಹಿಂಸೆ ಹಿಂಸೆಯೇ. ಅದರ ಹೆಸರು ಪ್ರಮಾದ. ಬರಲಿರುವುದನ್ನು ಬಲ್ಲವನ ಪ್ರಮಾದ ಇನ್ನೂ ಭಾರವಾದುದು.

ಖಾಲಿ ಜಾಗವೂ ಜಲಾಶಯದ ಒಂದು ಕೆಲಸವೆಂಬುದನ್ನು ಮಂಡ್ಯದವರು ಯಾರಿಂದಲೋ ಕಲಿಯಬೇಕಾಗಿಲ್ಲ. 1908ರಲ್ಲಿ ಮೂಸಿ ನದಿ ಹೈದರಾಬಾದನ್ನು ಮುಳುಗಿಸಿದ ಮೇಲೆ, ಪ್ರವಾಹವನ್ನು ಮೇಲ್ಭಾಗದಲ್ಲೇ ತಡೆದು ಮೆಲ್ಲಗೆ ಬಿಡಬಲ್ಲ ಜಲಾಶಯಗಳನ್ನು ಸೂಚಿಸಿದವರು ಸರ್ ಎಂ. ವಿಶ್ವೇಶ್ವರಯ್ಯನವರೇ. ಕನ್ನಂಬಾಡಿಯ ಉದ್ದೇಶ ಬೇರೆಯಿತ್ತು, ನಿಜ: ನೀರಾವರಿ ಮತ್ತು ಶಿವನಸಮುದ್ರದ ವಿದ್ಯುತ್ತು. ಆದರೆ ಈಗ ಮಳೆ ಕೆಲವೇ ದಿನಗಳಲ್ಲಿ ಕುಂಭದ್ರೋಣವಾಗಿ ಸುರಿದು ಹೋಗುವುದು ಹೆಚ್ಚುತ್ತಿರುವಾಗ ಹಳೆಯ ಉದ್ದೇಶವೊಂದೇ ಸಾಲದು.

ರೈತರ ಆಕ್ಷೇಪ ಹಗುರವಾದುದಲ್ಲ. 2023ರಲ್ಲಿ ಜಲಾಶಯ ತುಂಬಲೇ ಇಲ್ಲ. ಬೆಳೆ ಒಣಗುತ್ತಿದ್ದಾಗ ನೀರು ಬಿಡಬೇಕಾಗಿ ಬಂದು ಜಿಲ್ಲೆ ಬೀದಿಗಿಳಿಯಿತು. ಹಾಗಾಗಿ ಜಾಗ ಬಿಡೆಂದರೆ ಅವರಿಗೆ ನಡುಕ. ಆದರೆ ಕೇಳುತ್ತಿರುವುದು ಜಲಾಶಯವನ್ನು ಬರಿದು ಮಾಡೆಂದಲ್ಲ. ಮಳೆ ಚೆನ್ನಾಗಿರುವ ವರ್ಷ ಜುಲೈಯಲ್ಲಿ ಇಷ್ಟು, ಆಗಸ್ಟಿನಲ್ಲಿ ಇಷ್ಟು ಎಂದು ಹಂತಹಂತವಾಗಿ ತುಂಬಿಸಿ, ಮಳೆಗಾಲದ ಕೊನೆಯಲ್ಲಿ ಪೂರ್ಣಮಟ್ಟ ಮುಟ್ಟಿಸಬೇಕು. ಬರದ ಲಕ್ಷಣ ಕಂಡರೆ ಹನಿಯನ್ನೂ ಬಿಡದೆ ಹಿಡಿಯಬೇಕು. 2018ರ ಸುಪ್ರೀಂ ಕೋರ್ಟ್ ತೀರ್ಪಿನಂತೆ ವರ್ಷಕ್ಕೆ 177.25 ಟಿ.ಎಂ.ಸಿ. ನೀರು ಬಿಳಿಗುಂಡ್ಲು ದಾಟಲೇಬೇಕು. ಮುಂಚಿತವಾಗಿ ಬಿಟ್ಟ ನೀರು ಆಯಾ ತಿಂಗಳ ಪಾಲಿನ ಮಟ್ಟಿಗೆ ಆ ಲೆಕ್ಕಕ್ಕೇ ಸಲ್ಲುತ್ತದೆ. ಕನ್ನಂಬಾಡಿ ಮತ್ತು ಕಬಿನಿಯ ಗೇಟುಗಳು ಒಂದೇ ವೇಳಾಪಟ್ಟಿಗೆ ಬದ್ಧವಾದರೆ ಎರಡು ಪ್ರವಾಹಗಳು ಒಂದೇ ರಾತ್ರಿ ಶಿವನಸಮುದ್ರ ಮುಟ್ಟುವುದನ್ನು ಬಹುಮಟ್ಟಿಗೆ ತಪ್ಪಿಸಬಹುದು.

ನದಿಯ ಪಾತ್ರವನ್ನು ನದಿಗೇ ಬಿಡದಿದ್ದರೆ ಈ ವೇಳಾಪಟ್ಟಿಯೂ ವ್ಯರ್ಥ. ದಡದ ಜಮೀನು ಅಗ್ಗವೆಂದು ಗೋದಾಮು, ಕಲ್ಯಾಣಮಂಟಪ ಕಟ್ಟುವವರಲ್ಲಿ ಅಪರಿಗ್ರಹದ ಪ್ರವಚನ ಕೇಳಿದವರೂ ಇರಬಹುದು. ಮದ್ದೂರು ತಾಲ್ಲೂಕಿನ ಅರೆತಿಪ್ಪೂರಿನಲ್ಲಿ ಬಾಹುಬಲಿಯನ್ನು ಪೂರ್ವಿಕರು ನಿಲ್ಲಿಸಿದ್ದು ಗುಡ್ಡದ ಮೇಲೆ. ಕಾರಣ ಪ್ರವಾಹವಲ್ಲ, ತಪಸ್ಸು. ಆದರೂ ಶಿಂಷೆ ಅಲ್ಲಿಗೆ ಏರದು. ನದೀತೀರದಲ್ಲಿ ಭೂಮಿಯುಳ್ಳ ಬಸದಿ ಟ್ರಸ್ಟುಗಳು ಮೊದಲು ಅಲ್ಲಿ ಕಟ್ಟಡ ಕಟ್ಟುವುದಿಲ್ಲವೆಂದು ನಿರ್ಣಯ ಮಾಡಲಿ, ಹುಲ್ಲುಗಾವಲಿಗೋ ತೋಪಿಗೋ ಆ ಭೂಮಿಯನ್ನು ಬಿಡಲಿ. ಆಮೇಲೆ, ಮುಂಗಾರು ಆರಂಭವಾಗುವ ಮೊದಲೇ, ಎರಡೂ ಜಲಾಶಯಗಳ ಜಂಟಿ ವೇಳಾಪಟ್ಟಿಯನ್ನು ಕನ್ನಡದಲ್ಲಿ ಪ್ರಕಟಿಸಿ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ತೂಗುಹಾಕಬೇಕೆಂದು ನೀರಾವರಿ ನಿಗಮವನ್ನೂ ಜಿಲ್ಲಾಡಳಿತವನ್ನೂ ಲಿಖಿತವಾಗಿ ಕೇಳಲಿ.