ಉತ್ತರ ಬಂದ ಮೇಲಿನ ಪ್ರಶ್ನೆ

ದ್ವಿತೀಯ ಪಿಯುಸಿ ಫಲಿತಾಂಶದ ಬೆನ್ನಿಗೇ ಸಿಇಟಿ ರ‍್ಯಾಂಕು ಹೊರಬಿದ್ದಿತೆಂದರೆ ಅನೇಕ ಮನೆಗಳಲ್ಲಿ ನಿದ್ದೆ ಹಾರಿಹೋಗುತ್ತದೆ. ಮಗನ ಕೈಯಲ್ಲಿ ರ‍್ಯಾಂಕಿನ ಹಾಳೆ, ತಂದೆಯ ಕೈಯಲ್ಲಿ ಬ್ಯಾಂಕಿನ ಪಾಸ್‌ಬುಕ್. ನೆಂಟರಿಷ್ಟರದು ಒಂದೇ ಮಾತು: "ಏನಾದರಾಗಲಿ, ಕಂಪ್ಯೂಟರ್ ಸೈನ್ಸ್ ಕೊಡಿಸಿ." ಈ ಗಡಿಬಿಡಿಯಲ್ಲಿ, ಮುಂದೆ ನಾಲ್ಕು ವರ್ಷ ಕುಳಿತು ಓದಬೇಕಾದವರನ್ನು ಕೇಳಲು ಮಾತ್ರ ಎಲ್ಲರೂ ಮರೆಯುತ್ತಾರೆ.

ರ‍್ಯಾಂಕು ಹೇಳುವುದು ಎಷ್ಟು ಎಂಬುದನ್ನು ಮೊದಲು ತಿಳಿಯಬೇಕು. ಕರ್ನಾಟಕದಲ್ಲಿ 1994ರಿಂದ ಸಿಇಟಿ ನಡೆಯುತ್ತಿದೆ. ಎಂಜಿನಿಯರಿಂಗ್ ರ‍್ಯಾಂಕಿಗೆ ಭೌತಶಾಸ್ತ್ರ, ರಸಾಯನಶಾಸ್ತ್ರ ಮತ್ತು ಗಣಿತದಲ್ಲಿ ಪಿಯುಸಿಯ ಅಂಕಗಳನ್ನು ಅರ್ಧ, ಸಿಇಟಿಯ ಅಂಕಗಳನ್ನು ಅರ್ಧ ಪರಿಗಣಿಸುತ್ತಾರೆ. ಒಂದೊಂದು ವಿಷಯಕ್ಕೆ 80 ನಿಮಿಷಗಳಲ್ಲಿ 60 ಪ್ರಶ್ನೆ. ಇದು ವೇಗವನ್ನೂ ಅಭ್ಯಾಸವನ್ನೂ ಚೆನ್ನಾಗಿಯೇ ಅಳೆಯುತ್ತದೆ. ಆದರೆ ಎಂಜಿನಿಯರನ ಕೆಲಸ ವಿದ್ಯಾರ್ಥಿಗೆ ಹಿಡಿಸುವುದೋ ಇಲ್ಲವೋ ಎಂಬುದು ಅದರಿಂದ ತಿಳಿಯುವುದಿಲ್ಲ. ಆ ಪರೀಕ್ಷೆಯನ್ನು ವಿದ್ಯಾರ್ಥಿ ತಾನೇ ಮಾಡಿಕೊಳ್ಳಬೇಕು.

ಒಂದು ಸಣ್ಣ ಲೆಕ್ಕ ನೋಡೋಣ. ಜನರೂ ಸೇರಿ 500 ಕಿಲೋಗ್ರಾಂ ತೂಗುವ ಲಿಫ್ಟ್ ಸೆಕೆಂಡಿಗೆ ಸೆಕೆಂಡಿಗೆ 1 ಮೀಟರ್ ವೇಗೋತ್ಕರ್ಷದಿಂದ ಮೇಲೇರುತ್ತಿದೆ. ಹಗ್ಗದ ಮೇಲಿನ ಎಳೆತ ಎಷ್ಟು? ಗುರುತ್ವ ವೇಗೋತ್ಕರ್ಷ 9.8, ಅದಕ್ಕೆ 1 ಕೂಡಿಸಿದರೆ 10.8, ಅದನ್ನು 500ರಿಂದ ಗುಣಿಸಿದರೆ 5,400 ನ್ಯೂಟನ್. ಪರೀಕ್ಷೆ ಇಲ್ಲಿಗೆ ಮುಗಿಯಿತು, ಪೂರ್ಣ ಅಂಕ ಬಂತು.

ಎಂಜಿನಿಯರನ ಕೆಲಸ ಶುರುವಾಗುವುದೇ ಇಲ್ಲಿಂದ. ಇನ್ನೂ ಇಬ್ಬರು ನುಗ್ಗಿ ಹತ್ತಿದರೆ? ಲಿಫ್ಟ್ ಥಟ್ಟನೆ ನಿಂತರೆ? ಹತ್ತು ವರ್ಷ ಬಳಸಿದ ಹಗ್ಗದ ಎಳೆಗಳು ಸವೆದಿದ್ದರೆ? 5,400 ನ್ಯೂಟನ್ ಲೆಕ್ಕಕ್ಕೆ ಅದರ ಹಲವು ಪಟ್ಟು ಭಾರ ತಡೆಯುವ ಉಕ್ಕಿನ ಹಗ್ಗವನ್ನು ಅವನು ಆರಿಸುತ್ತಾನೆ. ಅದರ ಖರ್ಚನ್ನೂ ಯೋಚಿಸುತ್ತಾನೆ. ಉತ್ತರ ಬಂದ ಮೇಲೆ ಏಳುವ ಇಂಥ ಪ್ರಶ್ನೆಗಳು ಯಾರಿಗೆ ಖುಷಿ ಕೊಡುತ್ತವೋ ಅವರಿಗೆ ಈ ಓದು ಒಗ್ಗುತ್ತದೆ. ಸೂತ್ರ ಬಾಯಿಪಾಠವಾದರೆ ಸಾಕು ಎನ್ನುವವರಿಗೆ ನಾಲ್ಕು ವರ್ಷ ಬಹಳ ಉದ್ದವೆನಿಸೀತು.

ಸರ್ ಎಂ. ವಿಶ್ವೇಶ್ವರಯ್ಯನವರ ಸ್ವಯಂಚಾಲಿತ ಗೇಟುಗಳು ಹುಟ್ಟಿದ್ದೂ ಇಂಥದೇ ಪ್ರಶ್ನೆಯಿಂದ. ಅಣೆಕಟ್ಟೆಗೆ ಅಪಾಯವಾಗದಂತೆ ಜಲಾಶಯದಲ್ಲಿ ಇನ್ನಷ್ಟು ನೀರು ನಿಲ್ಲಿಸುವುದು ಹೇಗೆ ಎಂದು ಯೋಚಿಸಿ ಅವರು ರೂಪಿಸಿದ ಆ ಗೇಟುಗಳನ್ನು 1903ರಲ್ಲಿ ಪುಣೆ ಬಳಿಯ ಖಡಕ್‌ವಾಸ್ಲಾದಲ್ಲಿ ಅಳವಡಿಸಲಾಯಿತು.

ಇನ್ನು ಯಾವ ಬ್ರಾಂಚ್ ಎಂಬ ಪ್ರಶ್ನೆ. ಇಂದು ಬೇಡಿಕೆಯಿರುವುದು ನಾಲ್ಕು ವರ್ಷಗಳ ನಂತರವೂ ಹಾಗೆಯೇ ಇರುತ್ತದೆಂಬ ಖಾತರಿ ಯಾರೂ ಕೊಡಲಾರರು. 1990ರ ದಶಕದ ಕೊನೆಯಲ್ಲಿ ಕಂಪ್ಯೂಟರ್ ಓದಿದವರಿಗೆ ಕರೆದು ಕೆಲಸ ಕೊಡುತ್ತಿದ್ದರು. 2001ರ ಹೊತ್ತಿಗೆ ಡಾಟ್‌ಕಾಂ ಕಂಪನಿಗಳು ಕುಸಿದು ಹೊಸಬರು ಬಾಗಿಲು ಬಾಗಿಲು ಅಲೆಯಬೇಕಾಯಿತು. ಮುಂದೆ ಮತ್ತೆ ಚೇತರಿಕೆ ಬಂತು. 2008ರಲ್ಲಿ ಮತ್ತೆ ಹಿನ್ನಡೆ. ಇಷ್ಟಪಟ್ಟು ಕಲಿತವರು ಇಂಥ ಏರಿಳಿತವನ್ನು ತಾಳಿಕೊಳ್ಳುವುದು ಸುಲಭ. ಸೇರುವ ಮುನ್ನ ಸೇತುವೆ ಕಟ್ಟುವ ಜಾಗ, ವಿದ್ಯುತ್ ಉಪಕೇಂದ್ರ, ಸಣ್ಣ ಕಾರ್ಖಾನೆ, ಹೀಗೆ ಊರಿನ ಬಳಿ ಇರುವುದನ್ನು ಒಂದು ದಿನ ನೋಡಿ ಬರಲಿ. ಅಲ್ಲಿನ ಎಂಜಿನಿಯರ್ ಬೆಳಗಿನಿಂದ ಸಂಜೆಯವರೆಗೆ ಏನು ಮಾಡುತ್ತಾರೆಂದು ಕೇಳಲಿ.

ಹಳ್ಳಿಯಿಂದ, ಕನ್ನಡ ಮಾಧ್ಯಮದಿಂದ ಬಂದವರಿಗೆ ಮೊದಲ ಸೆಮಿಸ್ಟರ್ ಕಷ್ಟವೆನಿಸಬಹುದು. ಹಿಂಜರಿಯಬೇಕಿಲ್ಲ. ಸಂವೇಗ ಎಂದರೆ ಮೊಮೆಂಟಮ್, ವೇಗೋತ್ಕರ್ಷ ಎಂದರೆ ಆಕ್ಸಿಲರೇಷನ್ ಎಂದು ಎರಡು ಕಾಲಂಗಳ ನೋಟ್‌ಬುಕ್ ಇಟ್ಟುಕೊಂಡರೆ ಭಯ ಕ್ರಮೇಣ ಕರಗುತ್ತದೆ. ವಿಷಯ ಅರ್ಥವಾಗಿದ್ದರೆ ಭಾಷೆ ಹಿಂದೆಯೇ ಬರುತ್ತದೆ. ಆದರೆ ಗಣಿತವನ್ನು ಮಾತ್ರ ಅಲಕ್ಷಿಸುವಂತಿಲ್ಲ. ಮೊದಲ ವರ್ಷ ಬಾಕಿ ಉಳಿದ ಗಣಿತದ ಪೇಪರ್ ಮುಂದಿನ ವರ್ಷಗಳ ಓದಿಗೂ ಹೊರೆಯಾಗುತ್ತದೆ.

ತಂದೆತಾಯಿಯರಿಗೂ ಎರಡು ಮಾತು. ಸೀಟಿಗಾಗಿ ಆದ್ಯತೆಯ ಪಟ್ಟಿ ತುಂಬುವಾಗ ಮಕ್ಕಳ ಪಕ್ಕದಲ್ಲಿ ಕುಳಿತುಕೊಳ್ಳಿ, ಪಟ್ಟಿಯನ್ನು ಮಾತ್ರ ಅವರೇ ಮಾಡಲಿ. ಮೇಲಿನ ಆಯ್ಕೆ ಸಿಕ್ಕರೆ ಕೆಳಗಿನವು ತಾವಾಗಿಯೇ ರದ್ದಾಗುವುದರಿಂದ ಕ್ರಮಕ್ಕೆ ಬಹಳ ಬೆಲೆಯಿದೆ. ಓದಲು ಮನಸ್ಸಿಲ್ಲದ ಕೋರ್ಸನ್ನು "ಇರಲಿ" ಎಂದು ಸೇರಿಸಬೇಡಿ, ಅದೇ ಸಿಕ್ಕಿಬಿಡಬಹುದು. ಜಮೀನು ಅಡವಿಟ್ಟು ಫೀಸು ಕಟ್ಟುವ ಮುನ್ನ ನಾಲ್ಕು ವರ್ಷಗಳ ಹಾಸ್ಟೆಲ್, ಪುಸ್ತಕ, ಪ್ರಯಾಣ ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು ಕೂಡಿಸಿ.

ಕೂಡಿಸಿದ ಮೊತ್ತ ಕೈಮೀರಿದರೂ, ಮಗಳ ಒಲವು ಬೇರೆಡೆ ಇದ್ದರೂ ದಾರಿ ಮುಚ್ಚಿಹೋಗುವುದಿಲ್ಲ. ಡಿಪ್ಲೊಮಾ ಮುಗಿಸಿದವರು ಪ್ರವೇಶ ಪರೀಕ್ಷೆ ಬರೆದು ಎಂಜಿನಿಯರಿಂಗ್‌ನ ಎರಡನೆಯ ವರ್ಷಕ್ಕೇ ಸೇರಬಹುದು. ಬಿ.ಎಸ್ಸಿ., ಎಂ.ಎಸ್ಸಿ. ಓದಿ ವಿಜ್ಞಾನದಲ್ಲಿಯೇ ಮುಂದುವರಿಯಬಹುದು. ವಿಶ್ವೇಶ್ವರಯ್ಯನವರೂ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎ. ಮುಗಿಸಿದ ಮೇಲೆಯೇ ಪುಣೆಗೆ ಹೋಗಿ ಎಂಜಿನಿಯರಿಂಗ್ ಓದಿದರು.

ಸೀಟು ಯಾವುದೆಂದು ನಿರ್ಧರಿಸುವ ಮುನ್ನ ಒಂದು ಸಂಜೆ ಟಿ.ವಿ. ಆರಿಸಿ, ಮಕ್ಕಳನ್ನು ಹತ್ತಿರ ಕೂರಿಸಿಕೊಂಡು, "ನಿನಗೆ ಯಾವುದು ಇಷ್ಟ?" ಎಂದು ಕೇಳಿ. ಉತ್ತರ ತಡವಾಗಿ ಬಂದರೂ ಕಾಯಿರಿ.