ನಮ್ಮ ಕಾಲೇಜಿನ ರೈಡರ್ ಪ್ರೊ ಕಬಡ್ಡಿಗೆ ಸಲ್ಲುವನೇ?

ಈ ವರ್ಷ ನಮ್ಮ ಕಾಲೇಜಿನ ಹುಣಸೆಮರದಡಿಯಲ್ಲಿಯೂ, ಬಸ್ ನಿಲ್ದಾಣದಲ್ಲಿಯೂ, ಅಷ್ಟೇಕೆ, ಅಧ್ಯಾಪಕರ ಕೊಠಡಿಯಲ್ಲಿಯೂ ಪದೇ ಪದೇ ಕೇಳಿಬಂದ ಪ್ರಶ್ನೆ ಒಂದೇ. ನಮ್ಮ ಕಬಡ್ಡಿ ತಂಡದ ರೈಡರ್ ಪ್ರೊ ಕಬಡ್ಡಿಗೆ ಹೋಗುವನೋ ಇಲ್ಲವೋ ಎಂಬುದು. ಪ್ರಶ್ನೆ ಕೇಳಿದವರೇ ಉತ್ತರವನ್ನೂ ಹೇಳಿಬಿಡುತ್ತಿದ್ದರು: 'ಹೋಗದೆ ಏನು? ಅವನಲ್ಲದಿದ್ದರೆ ಇನ್ಯಾರು ಹೋಗುತ್ತಾರೆ?' ನನ್ನ ಅಭಿಪ್ರಾಯ ಇದಕ್ಕಿಂತ ಸ್ವಲ್ಪ ಬೇರೆಯಾಗಿದೆ. ಅದನ್ನು ಮರದಡಿಯಲ್ಲಿ ಹೇಳಿ ಗೆಳೆಯರ ಕೋಪಕ್ಕೆ ಗುರಿಯಾದುದಾಗಿದೆ. ಈಗ ಈ ಸಂಚಿಕೆಯಲ್ಲಿ ಸಾವಧಾನವಾಗಿ ಹೇಳಲು ಯತ್ನಿಸುತ್ತೇನೆ. ಬರೆಯುವ ಮೊದಲು ಅವನನ್ನೇ ಕೇಳಿದೆ. 'ಹೆಸರು ಹಾಕ್ಬೇಡ ಕಣೋ, ಮಿಕ್ಕಿದ್ದು ಏನಾದ್ರೂ ಬರ್ಕೊ' ಎಂದು ಅಪ್ಪಣೆ ಕೊಟ್ಟಿದ್ದಾನೆ.

ಇಂಥ ವಿಷಯದಲ್ಲಿ ಮಾತನಾಡಲು ನನಗೇನು ಅಧಿಕಾರ ಎಂದು ವಾಚಕರು ಕೇಳಬಹುದು. ನಾನು ಆಟಗಾರನಲ್ಲ. ಮೊದಲನೆಯ ವರ್ಷ ತಂಡಕ್ಕೆ ಸೇರಬೇಕೆಂದು ಹೋದವನನ್ನು ಎರಡು ದಿನ ನೋಡಿ, ಅಂಕ ಬರೆಯುವ ಪುಸ್ತಕವನ್ನು ಕೈಗೆ ಕೊಟ್ಟು ಕುಳ್ಳಿರಿಸಿದರು. ಅಂದಿನಿಂದ ಮೂರು ವರ್ಷ ಅಂಕಣದ ಪಕ್ಕದ ಮೇಜಿನಲ್ಲಿ ಕುಳಿತು ಅವನ ಒಂದೊಂದು ದಾಳಿಯನ್ನೂ ಬರೆದುಕೊಂಡಿದ್ದೇನೆ. ಇನ್ನೊಂದು ಅಧಿಕಾರವೂ ಉಂಟು. ನಮ್ಮದು ರೇಷ್ಮೆ ಸಾಕುವ ಮನೆ. ಹರಾಜು ಎಂದರೇನು ಎಂಬುದು ನನಗೆ ಹುಟ್ಟಿದಂದಿನಿಂದ ಗೊತ್ತು. ಚಂದ್ರಿಕೆಯಿಂದ ಗೂಡು ಬಿಡಿಸಿ, ಚೀಲದಲ್ಲಿ ತುಂಬಿ, ರಾಮನಗರದ ಗೂಡಿನ ಮಾರುಕಟ್ಟೆಗೆ ತಂದು ಸುರಿದ ಮೇಲೆ, ಬೆಳೆದವನ ಹೆಮ್ಮೆಯನ್ನು ಯಾರೂ ಕೇಳುವುದಿಲ್ಲ. ರೀಲರು ಬಂದು ಒಂದು ಹಿಡಿ ಗೂಡು ತೆಗೆದು ಅಂಗೈಯಲ್ಲಿ ಅಮುಕುತ್ತಾನೆ. ಕಿವಿಯ ಬಳಿ ಅಲುಗಿಸುತ್ತಾನೆ. ಮುಖದಲ್ಲಿ ಏನನ್ನೂ ತೋರಿಸದೆ ಮುಂದಿನ ಲಾಟಿಗೆ ಹೋಗುತ್ತಾನೆ. ನೆರೆಹೊರೆಯವರೆಲ್ಲ ನಮ್ಮ ಹಟ್ಟಿಯಲ್ಲಿ ನಿಂತು 'ಭಾರಿ ಗೂಡು' ಎಂದು ಹೊಗಳಿದ್ದ ಬೆಳೆಗೆ ಅಪ್ಪ ನೆನೆಸಿದ್ದರಲ್ಲಿ ಅರ್ಧ ಬೆಲೆಯೂ ಬಾರದೆ ಹಿಂದಿರುಗಿದ ದಿನವನ್ನು ನಾನು ಕಂಡಿದ್ದೇನೆ.

ನಮ್ಮ ರೈಡರನಿಗೆ ಸಿಕ್ಕಿರುವ ಹೊಗಳಿಕೆ ಬಹುಮಟ್ಟಿಗೆ ಹಟ್ಟಿಯ ಹೊಗಳಿಕೆಯೇ. ಅದು ಹೊನಲು ಬೆಳಕಿನ ಪಂದ್ಯಾವಳಿಗಳಲ್ಲಿ ಹುಟ್ಟಿದ್ದು. ಸುಗ್ಗಿ ಮುಗಿದ ಮೇಲೆ ಮಾಗಡಿಯ ಕಡೆ ಒಂದು ಜಾತ್ರೆ, ಕನಕಪುರದ ಕಡೆ ಒಂದು ಹಬ್ಬ, ಚನ್ನಪಟ್ಟಣದ ಕಡೆ ಯಾರದೋ ಹುಟ್ಟುಹಬ್ಬ, ಎಲ್ಲಕ್ಕೂ ಕಬಡ್ಡಿ. ಕೆಮ್ಮಣ್ಣಿನ ಅಂಕಣಕ್ಕೆ ನೀರು ಚಿಮುಕಿಸಿ ಸುಣ್ಣದ ಗೆರೆ ಎಳೆದಿರುತ್ತಾರೆ. ಮೈಕಿನಲ್ಲಿ ವರ್ಣನೆ ಹೇಳುವವನು ನಮ್ಮವನಿಗೆ ಒಂದೊಂದು ಊರಿನಲ್ಲಿ ಒಂದೊಂದು ಬಿರುದು ಕೊಟ್ಟಿದ್ದಾನೆ. ರಾತ್ರಿ ಎರಡು ಗಂಟೆಗೆ ಸೆಮಿಫೈನಲ್, ನಾಲ್ಕು ಗಂಟೆಗೆ ಫೈನಲ್, ಬೆಳಗ್ಗೆ ಒಂಬತ್ತೂವರೆಗೆ ನಮ್ಮ ಇತಿಹಾಸದ ತರಗತಿ. ಆ ತರಗತಿಯಲ್ಲಿ ಅವನು ನಿದ್ರಿಸಿದುದನ್ನು ನಮ್ಮ ಗುರುಗಳು ಕಂಡೂ ಕಾಣದಂತೆ ಇದ್ದುದಕ್ಕೆ ಇಲ್ಲಿಯೇ ವಂದನೆ ಸಲ್ಲಿಸುತ್ತೇನೆ. ಆ ರಾತ್ರಿಗಳ ಸೊಗಸನ್ನು ನಾನು ಅಲ್ಲಗಳೆಯಲಾರೆ. ಆದರೆ ಅಲ್ಲಿ ಅವನನ್ನು ಹಿಡಿಯಲು ನಿಂತವರಲ್ಲಿ ಮೂರು ಮಂದಿ ಹಗಲೆಲ್ಲ ಗಾರೆ ಕೆಲಸ ಮಾಡಿ ಬಂದವರು, ಇಬ್ಬರು ಹಿಂದಿನ ರಾತ್ರಿ ಇನ್ನೊಂದು ಊರಿನಲ್ಲಿ ಆಡಿ ಬಂದವರು. ಅವರನ್ನು ಗೆದ್ದುದು ಗೆಲುವೇ ಹೌದು. ಅಳತೆಗೋಲು ಮಾತ್ರ ಅಲ್ಲ.

ಇನ್ನು ಮಾರುಕಟ್ಟೆಯ ಕಡೆ ನೋಡೋಣ. ಪ್ರೊ ಕಬಡ್ಡಿ ಲೀಗ್ 2014ರಲ್ಲಿ ಎಂಟು ತಂಡಗಳೊಡನೆ ಆರಂಭವಾಯಿತು. 2017ರಲ್ಲಿ ಅವು ಹನ್ನೆರಡಾದವು. 2023ರ ಹರಾಜಿನಲ್ಲಿ ಆಟಗಾರರನ್ನು ನಾಲ್ಕು ದರ್ಜೆಗಳಾಗಿ ವಿಂಗಡಿಸಿ, ಮೇಲಿನ ದರ್ಜೆಗೆ 30 ಲಕ್ಷ, ಕೊನೆಯದಕ್ಕೆ 9 ಲಕ್ಷ ರೂಪಾಯಿ ಮೂಲಬೆಲೆ ಇಟ್ಟಿದ್ದರು. ಒಂದು ತಂಡದಲ್ಲಿ ಹದಿನೆಂಟರಿಂದ ಇಪ್ಪತ್ತೈದು ಮಂದಿ. ಹನ್ನೆರಡು ತಂಡಕ್ಕೂ ಪೂರ್ತಿ ತುಂಬಿದರೆ ಮುನ್ನೂರು. ಅದರಲ್ಲಿ ಹೊರದೇಶದವರನ್ನೂ ಹಿಡಿಯುವವರನ್ನೂ ಕಳೆಯಿರಿ. ಉಳಿಯುವ ರೈಡರುಗಳ ಜಾಗಕ್ಕೆ ಹರಿಯಾಣ, ಮಹಾರಾಷ್ಟ್ರ, ತಮಿಳುನಾಡು, ನಮ್ಮ ಕರಾವಳಿ, ಎಲ್ಲೆಡೆಯಿಂದಲೂ ಹುಡುಗರು ಕಾದಿದ್ದಾರೆ. ಹರಿಯಾಣದ ಹುಡುಗ ಹತ್ತನೆಯ ತರಗತಿಯಲ್ಲಿ ಮ್ಯಾಟಿನ ಮೇಲೆ ಆಡಿರುತ್ತಾನೆ. ನಮ್ಮವನು ಮ್ಯಾಟನ್ನು ಮೊದಲು ತುಳಿದದ್ದು ಎರಡನೆಯ ವರ್ಷದ ಬಿ.ಎ.ಯಲ್ಲಿ, ಅದೂ ವಿಶ್ವವಿದ್ಯಾನಿಲಯದ ಆಯ್ಕೆಗೆ ಹೋದಾಗ.

ಈಗ ಗೂಡನ್ನು ಅಮುಕಿ ನೋಡುವ ಕೆಲಸ. ಅವನಲ್ಲಿ ಇರುವುದನ್ನು ಮೊದಲು ಹೇಳುತ್ತೇನೆ. ಅವನ ಹಿಂದಿರುಗುವಿಕೆಯಂಥದನ್ನು ನಾನು ಈ ಸೀಮೆಯಲ್ಲಿ ಇನ್ನೊಂದು ಕಂಡಿಲ್ಲ. ಹೆಚ್ಚಿನ ರೈಡರುಗಳು ಒಳಗೆ ಹೋಗುವುದರಲ್ಲಿ ನಿಪುಣರು. ಮುಟ್ಟಿದ ಮೇಲೆ ತಿರುಗುವಾಗ ಒಂದು ಕ್ಷಣ ಸೊಂಟ ಮೇಲೇಳುತ್ತದೆ, ಅಲ್ಲಿ ಸಿಕ್ಕಿಬೀಳುತ್ತಾರೆ. ಇವನು ಕಾಲಿನ ತುದಿಯಿಂದ ಮುಟ್ಟುವಾಗಲೇ ದೇಹದ ಭಾರ ಮಧ್ಯರೇಖೆಯ ಕಡೆಗೆ ವಾಲಿರುತ್ತದೆ. ಎರಡನೆಯದು, ಬೋನಸ್ ಗೆರೆ. ಎದುರಿಗೆ ಆರು ಮಂದಿ ಇರುವವರೆಗೆ, ಒಂದು ಕಾಲು ಗೆರೆಯಾಚೆ ಊರಿ ಇನ್ನೊಂದು ಕಾಲು ನೆಲದಿಂದ ಎದ್ದಿದ್ದರೆ ಒಂದು ಅಂಕ. ಇದು ಚಪ್ಪಾಳೆ ಬೀಳುವ ಅಂಕವಲ್ಲ. ಜನ ಇದನ್ನು ನೋಡುವುದೂ ಇಲ್ಲ; ನನ್ನ ಪುಸ್ತಕ ಮಾತ್ರ ನೋಡಿದೆ. ಇವನು ಹೆಚ್ಚು ಅಂಕ ತಂದ ಪಂದ್ಯಗಳಲ್ಲೆಲ್ಲ ಈ ಸದ್ದಿಲ್ಲದ ಅಂಕಗಳೇ ಬೆನ್ನೆಲುಬಾಗಿದ್ದುವು. ಮೂರನೆಯದಾಗಿ, ಸಿಕ್ಕಿಬಿದ್ದ ಮೇಲೆ ಅವನು ಯಾರನ್ನೂ ಬಯ್ಯುವುದಿಲ್ಲ, ತೀರ್ಪುಗಾರರನ್ನು ಸಹ. ಹೊರಗೆ ಕುಳಿತು ನೆಲ ನೋಡುತ್ತ ಮುಂದಿನ ದಾಳಿಯನ್ನು ಯೋಚಿಸುತ್ತಿರುತ್ತಾನೆ.

ಇಲ್ಲದಿರುವುದನ್ನೂ ಹೇಳಬೇಕು. ಅವನು ದಾಳಿಗೆ ಹೋಗುವುದು ಸದಾ ತನ್ನ ಬಲಗೈ ಕಡೆಯ ಮೂಲೆಗೇ. ಇದನ್ನು ನಾಲ್ಕು ತಾಲ್ಲೂಕಿನ ಹಿಡಿಯುವವರೆಲ್ಲ ಬಲ್ಲರು. ಬಲ್ಲರೂ ಅವನ ವೇಗಕ್ಕೆ ಸೋಲುತ್ತಾರೆ. ಆದರೆ ಪ್ರತಿಯೊಂದು ದಾಳಿಯನ್ನೂ ಚಿತ್ರೀಕರಿಸಿಕೊಂಡು ರಾತ್ರಿ ಕುಳಿತು ನೋಡುವ ತಂಡಗಳ ಮುಂದೆ ಈ ಗುಟ್ಟು ಎಷ್ಟು ದಿನ ನಿಲ್ಲುತ್ತದೆ? ಇನ್ನೊಂದು, ಅವನಿಗೆ ಮೂರನೆಯ ದಾಳಿ ಆಗುವುದಿಲ್ಲ. ಎರಡು ದಾಳಿ ಬರಿಗೈಯಲ್ಲಿ ಬಂದರೆ ಮೂರನೆಯದರಲ್ಲಿ ಅಂಕ ತರಲೇಬೇಕು, ತರದಿದ್ದರೆ ಔಟು ಎಂಬ 'ಡೂ ಆರ್ ಡೈ' ನಿಯಮ ಈಗೀಗ ನಮ್ಮ ಹಳ್ಳಿಗಳ ಪಂದ್ಯಗಳಿಗೂ ಬಂದಿದೆ. ಆ ದಾಳಿಯಲ್ಲಿ ಅವನಿಗೆ ಮೂವತ್ತು ಸೆಕೆಂಡು ಇದೆ ಎಂಬುದೇ ಮರೆತುಹೋಗುತ್ತದೆ, ಹತ್ತರಲ್ಲೇ ನುಗ್ಗಿಬಿಡುತ್ತಾನೆ. ಹಿಂದಿನಿಂದ 'ಹೋಗ್ಲಾ, ಹೋಗ್ಲಾ' ಎಂದು ಕೂಗುವವರು ನಾವೇ ಎಂಬುದನ್ನೂ ಇಲ್ಲಿ ಒಪ್ಪಿಕೊಳ್ಳಬೇಕು. ತೂಕವೂ ಕಡಮೆ. ಹಿರಿಯರ ಕಬಡ್ಡಿಯಲ್ಲಿ ಎಂಬತ್ತೈದು ಕಿಲೋವರೆಗೂ ಇರಬಹುದು, ಇವನು ಅರವತ್ತಾರು. ಎದೆಗೆ ಡ್ಯಾಷ್ ಕೊಟ್ಟರೆ ಲಾಬಿಯಾಚೆ ಹೋಗಿ ಬೀಳುತ್ತಾನೆ. ಮ್ಯಾಟಿನ ವಿಷಯ ಆಗಲೇ ಹೇಳಿದೆ. ಮಣ್ಣಿನಲ್ಲಿ ಬರಿಗಾಲಿನ ಬೆರಳು ನೆಲ ಕಚ್ಚುತ್ತದೆ. ಬೂಟು ತೊಟ್ಟು ಮ್ಯಾಟಿನ ಮೇಲೆ ನಿಂತಾಗ ಅದೇ ಕಾಲು ಬೇರೆಯವರದೆನ್ನುವಂತಾಗುತ್ತದೆ. ಆಯ್ಕೆಯ ದಿನ ಅವನು ಸಂಜೆ ಬಸ್ಸಿನಲ್ಲಿ ನನಗೆ ಹೇಳಿದ ಮಾತು ಇದೇ.

ಕಾಲೇಜಿನ ಹುಡುಗನನ್ನು ವೃತ್ತಿಯ ಆಟಕ್ಕೆ ತೂಗಿನೋಡುವ ಕ್ರಮ ಅಮೆರಿಕದಲ್ಲಿ ಬಹಳ ಬೆಳೆದಿದೆಯೆಂದು ಓದಿದ್ದೇನೆ. ಅವರ ಫುಟ್‌ಬಾಲ್ ನಮ್ಮ ಕಾಲ್ಚೆಂಡಲ್ಲ. ಚೆಂಡನ್ನು ಎದೆಗವಚಿಕೊಂಡು ಎದುರಾಳಿಗಳ ನಡುವೆ ನುಗ್ಗುವವನೊಬ್ಬನಿರುತ್ತಾನೆ, ಅವನಿಗೆ ರನ್ನಿಂಗ್ ಬ್ಯಾಕ್ ಎಂದು ಹೆಸರು. ನಮ್ಮ ರೈಡರನ ದಾಯಾದಿ ಎನ್ನಬಹುದು. ಅಲ್ಲಿಯ ಲೀಗು ಪ್ರೌಢಶಾಲೆ ಮುಗಿದು ಮೂರು ವರ್ಷವಾಗುವವರೆಗೆ ಯಾರನ್ನೂ ಸೇರಿಸಿಕೊಳ್ಳುವುದಿಲ್ಲ. ಆಮೇಲೆ ಇಂಡಿಯಾನಾಪೊಲಿಸ್ ನಗರಕ್ಕೆ ಕರೆಸಿ ನಲವತ್ತು ಗಜ ಓಡಿಸುತ್ತಾರೆ, ನೆಗೆಸುತ್ತಾರೆ, ಮೊಣಕಾಲನ್ನು ವೈದ್ಯರಿಂದ ತಿರುಗಿಸಿ ನೋಡಿಸುತ್ತಾರೆ. ಇಷ್ಟಾದರೂ ಅವರ ಲೆಕ್ಕ ತಪ್ಪುವುದುಂಟು. ಎಮಿಟ್ ಸ್ಮಿತ್ ಎಂಬುವನನ್ನು ಗಿಡ್ಡ, ಓಟ ಸಾಲದು ಎಂದವರಿದ್ದರು. 1990ರಲ್ಲಿ ಹದಿನಾರು ಮಂದಿಯ ಆಯ್ಕೆ ಮುಗಿದ ಮೇಲೆ ಅವನ ಸರದಿ ಬಂದಿತು. 2004ರ ಋತು ಮುಗಿಸಿ ಆಟ ಬಿಡುವಾಗ ಅವನು ಓಡಿ ಗಳಿಸಿದ್ದು 18,355 ಗಜ. ಅದನ್ನು ಮೀರಿದವರು ಇನ್ನೂ ಇಲ್ಲ. ಅಳತೆ ತಪ್ಪಬಹುದು. ಅಳೆಯದೆಯೇ ತೀರ್ಪು ಕೊಡುವ ನಮ್ಮ ಮರದಡಿಯ ಸಭೆಗಿಂತ ಅದು ಮೇಲೆಂದು ತೋರುತ್ತದೆ.

ನಮ್ಮ ಆಟದಲ್ಲಿಯೂ ಅಂಥ ಉದಾಹರಣೆ ಉಂಟು. ಪವನ್ ಸೆಹ್ರಾವತ್ 2017ರಲ್ಲಿ ಗುಜರಾತಿನ ತಂಡದಲ್ಲಿದ್ದಾಗ ಹೆಚ್ಚಾಗಿ ಬೆಂಚಿನ ಮೇಲೆಯೇ ಕುಳಿತಿದ್ದವನು. ಮರುವರ್ಷ ಬೆಂಗಳೂರು ಬುಲ್ಸ್‌ಗೆ ಬಂದು 270ಕ್ಕೂ ಹೆಚ್ಚು ದಾಳಿ ಅಂಕ ತಂದ. 2019ರ ಜನವರಿಯಲ್ಲಿ ನಡೆದ ಫೈನಲಿನಲ್ಲಿ ಅದೇ ಗುಜರಾತಿನ ಮೇಲೆ 22 ಅಂಕ ಗಳಿಸಿ ನಮ್ಮ ತಂಡಕ್ಕೆ ಕಿರೀಟ ತೊಡಿಸಿದ. ಈ ಕಥೆಯನ್ನು ನನ್ನ ಗೆಳೆಯರೆಲ್ಲ ಬಲ್ಲರು, ನಮ್ಮ ರೈಡರನಿಗೆ ದಿನಕ್ಕೊಮ್ಮೆ ಹೇಳುತ್ತಾರೆ. ಅದರ ಮುಂದಿನ ಭಾಗವನ್ನು ಹೇಳುವುದಿಲ್ಲ. 2022ರಲ್ಲಿ ತಮಿಳ್ ತಲೈವಾಸ್ ತಂಡ ಅವನನ್ನು 2.26 ಕೋಟಿಗೆ ಕೊಂಡಿತು. ಮೊದಲ ಪಂದ್ಯದಲ್ಲೇ ಮೊಣಕಾಲು ಹೋಗಿ ಇಡೀ ಋತು ಹೊರಗೆ ಕುಳಿತ. ಅವನಿಗೆ ಹೆಸರಿತ್ತು, ಮರುವರ್ಷ ಇನ್ನೂ ಹೆಚ್ಚಿನ ಬೆಲೆಗೆ ಹೋದ. ಹೆಸರಿಲ್ಲದವನ ಮೊಣಕಾಲಿಗೆ ಯಾರು ಕಾಯುತ್ತಾರೆ? ಹೆಸರಿದ್ದೂ ಉಳಿಯದಿರುವುದುಂಟು. ಪ್ರದೀಪ್ ನರ್ವಾಲ್ 2017ರ ಒಂದೇ ಋತುವಿನಲ್ಲಿ 369 ದಾಳಿ ಅಂಕ ತಂದವನು, 'ಡುಬ್ಕಿ' ಎಂದರೆ ಅವನದೇ ಎನ್ನುವಷ್ಟು ಪ್ರಸಿದ್ಧ. 2021ರಲ್ಲಿ 1.65 ಕೋಟಿ, 2024ರಲ್ಲಿ 70 ಲಕ್ಷಕ್ಕೆ ನಮ್ಮ ಬುಲ್ಸ್. 2025ರ ಹರಾಜಿನಲ್ಲಿ ಕೇಳುವವರೇ ಇಲ್ಲದೆ ನಿವೃತ್ತಿ ಹೇಳಿದ. ವಯಸ್ಸು ಮೂವತ್ತೂ ಆಗಿರಲಿಲ್ಲ. ಗೂಡನ್ನು ಚಿಟ್ಟೆ ಕೊರೆಯುವುದರೊಳಗೆ ಮಾರಬೇಕು ಎಂದು ನಮ್ಮಪ್ಪ ಹೇಳುವುದು ರೈಡರನ ಕಾಲಿಗೂ ಸಲ್ಲುತ್ತದೆ.

ಇಷ್ಟನ್ನೆಲ್ಲ ಬರೆಯಲು ಕಾರಣವಾದ ಸಂಗತಿ ಬೇರೆ. ಕಳೆದ ತಿಂಗಳು ಯಾವನೋ ಒಬ್ಬ ಅವರ ಊರಿಗೆ ಬಂದು, ಒಂದು ತಂಡದ ಆಯ್ಕೆ ಶಿಬಿರಕ್ಕೆ ತಾನೇ ಸೇರಿಸುವೆನೆಂದೂ, ಅದಕ್ಕೆ ಮುಂಗಡವಾಗಿ ಇಷ್ಟು ಹಣ ಆಗುವುದೆಂದೂ ಹೇಳಿ ಹೋದ. ಶಿಬಿರದ ದಿನ ನಮ್ಮ ಆರನೆಯ ಸೆಮಿಸ್ಟರ್ ಪರೀಕ್ಷೆಯ ನಡುವೆ ಬೀಳುತ್ತದೆ. ನಾನು ಅವರ ಮನೆಗೆ ಹೋದಾಗ ಅವನ ತಾಯಿ ಹಿಪ್ಪುನೇರಳೆ ಸೊಪ್ಪು ಕತ್ತರಿಸುತ್ತ ಕುಳಿತಿದ್ದರು. 'ಓಲೆ ಅಡ ಇಕ್ಕಿದ್ರೆ ಆಯ್ತದೆ ಕಣಪ್ಪ. ನೀವು ಓದ್ದೋರು, ನೀವೇ ಹೇಳ್ರಪ್ಪ. ಪರೀಕ್ಷೆ ಬರೀಲೋ, ಅಲ್ಗೆ ಹೋಗ್ಲೋ?' ಎಂದು ಕೇಳಿದರು. 'ಓದ್ದೋರು' ಎಂದು ಅವರು ಹೇಳಿದ್ದು ನನ್ನನ್ನು. ನಮ್ಮ ವಂಶದಲ್ಲಿ ಹತ್ತನೆಯ ತರಗತಿ ದಾಟಿದವನು ನಾನೊಬ್ಬನೇ. ಅವರ ಮನೆಯಲ್ಲಿ ಅವನೊಬ್ಬನೇ. ಅಂದು ಏನು ಹೇಳಬೇಕೋ ತೋಚದೆ ಕಾಫಿ ಕುಡಿದು ಬಂದುಬಿಟ್ಟೆ. ಆ ನಾಚಿಕೆಯೇ ಈ ಲೇಖನಕ್ಕೆ ಮೂಲ.

ಈಗ ಹೇಳುತ್ತೇನೆ. ಆಟಗಾರನಿಗೆ ಹಣ ಕೊಟ್ಟು ಕೊಳ್ಳುವ ಆಟದಲ್ಲಿ ಆಟಗಾರನ ತಾಯಿಯಿಂದಲೇ ಹಣ ಕೇಳುವವನನ್ನು ನಾನು ನಂಬಲಾರೆ. ಓಲೆ ಅಡ ಇಡಬಾರದು. ಪರೀಕ್ಷೆ ಬರೆಯಬೇಕು. ನಮ್ಮ ಅಧ್ಯಾಪಕರೊಬ್ಬರು, 'ಪರೀಕ್ಷೆ ಮತ್ತೆ ಬರೆಯಬಹುದು, ಅವಕಾಶ ಮತ್ತೆ ಬಾರದು' ಎಂದರು. ಗುರುಗಳ ಮಾತಿಗೆ ಎದುರಾಡುವುದು ಅವಿನಯವಾದರೂ, ನಮ್ಮಂಥ ಮನೆಗಳಲ್ಲಿ ಒಮ್ಮೆ ಬಿಟ್ಟ ಪರೀಕ್ಷೆಯನ್ನು ಮತ್ತೆ ಬರೆದವರನ್ನು ನಾನು ಕಂಡುದು ಕಡಮೆ. ಬಿಟ್ಟ ಮರುತಿಂಗಳೇ ಬಿಡದಿಯ ಯಾವುದಾದರೂ ಕಾರ್ಖಾನೆಯ ಬಸ್ಸು ಊರ ಬಾಗಿಲಿಗೆ ಬರುತ್ತದೆ. ಮೇಲಾಗಿ, ಕಬಡ್ಡಿ ಆಡಿ ಬದುಕಿದವರೆಲ್ಲ ಹರಾಜಿನಿಂದ ಬದುಕಿದವರಲ್ಲ. ಈ ಲೀಗು ಹುಟ್ಟುವ ಎಷ್ಟೋ ಮೊದಲು ನಮ್ಮ ಸಿ. ಹೊನ್ನಪ್ಪನವರಿಗೆ 2000ದ, ಬಿ. ಸಿ. ರಮೇಶರಿಗೆ 2001ರ ಅರ್ಜುನ ಪ್ರಶಸ್ತಿ ಬಂದಿತ್ತು; ರಮೇಶರು ಮುಂದೆ ತರಬೇತುದಾರರಾಗಿ 2019ರಲ್ಲಿ ಬಂಗಾಳದ ತಂಡವನ್ನೂ, 2024ರಲ್ಲಿ ಪುಣೆಯ ತಂಡವನ್ನೂ ಗೆಲ್ಲಿಸಿದರು. ರೈಲ್ವೆಯಲ್ಲಿ ಕ್ರೀಡಾ ಕೋಟಾದ ನೇಮಕಾತಿ ನಡೆಯುತ್ತದೆ. ಅಲ್ಲಿಯೂ ಹುದ್ದೆಗೆ ತಕ್ಕ ವಿದ್ಯಾರ್ಹತೆ ಕೇಳುತ್ತಾರೆ. ಪದವಿ ಇದ್ದವನ ಕುರ್ಚಿಯೇ ಬೇರೆ.

ಹಾಗಾದರೆ ಅವನು ಪ್ರೊ ಕಬಡ್ಡಿಗೆ ಸಲ್ಲುವನೇ? ಇಂದು ಸಲ್ಲನು. ಎರಡು ವರ್ಷ ಮ್ಯಾಟಿನ ಮೇಲೆ ಆಡಿ, ಏಳೆಂಟು ಕಿಲೋ ಮೈಗೂಡಿಸಿ, ಎಡಗಡೆಯ ಮೂಲೆಯ ದಾರಿಯನ್ನೂ ಕಲಿತರೆ, ಹಿಡಿ ಗೂಡು ತೆಗೆದು ಅಮುಕಿದ ರೀಲರು ಮುಂದಿನ ಲಾಟಿಗೆ ಹೋಗದೆ ನಿಲ್ಲಬಹುದೆಂದು ನನ್ನ ಎಣಿಕೆ. ನಿಲ್ಲುತ್ತಾನೆಂದು ಆಣೆಯಿಟ್ಟು ಹೇಳಲಾರೆ. ಕಾಲೇಜಿನಿಂದ ಆಗಬೇಕಾದುದೂ ಒಂದಿದೆ. ಪ್ರತಿವರ್ಷ ಗೆದ್ದ ತಂಡದೊಡನೆ ತೆಗೆಸುವ ಭಾವಚಿತ್ರಕ್ಕೆ ಮುಂದಿನ ಸಾಲಿನಲ್ಲಿ ಕುಳಿತುಕೊಳ್ಳುವ ಹಿರಿಯರು ಒಂದು ಮ್ಯಾಟಿಗೆ ದಾರಿ ಹುಡುಕಿದರೆ, ಅವನಿಗಲ್ಲದಿದ್ದರೂ ಮೊದಲ ವರ್ಷದಲ್ಲಿರುವ ಆ ಸಣಕಲು ಹುಡುಗನಿಗೆ ಉಪಯೋಗವಾದೀತು. ಅವನ ಕಾಲುಗಳನ್ನೂ ನೋಡಿಟ್ಟುಕೊಂಡಿದ್ದೇನೆ.

ಕಳೆದ ಭಾನುವಾರ ಮತ್ತೆ ಅವರ ಮನೆಗೆ ಹೋಗಿ, ಅಂದು ನುಂಗಿಕೊಂಡು ಬಂದ ಮಾತನ್ನು ತಾಯಿಯ ಮುಂದೆ ಹೇಳಿ ಬಂದೆ. ಕೇಳಿಕೊಂಡರು, ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಓಲೆ ಮಾತ್ರ ಕಿವಿಯಲ್ಲಿಯೇ ಇದ್ದಿತು. ಅವನ ಪ್ರವೇಶ ಪತ್ರವನ್ನು ಕಛೇರಿಯಿಂದ ನಾನೇ ತೆಗೆದು, ನನ್ನದರೊಡನೆ ಇಟ್ಟುಕೊಂಡಿದ್ದೇನೆ. ಸಂಜೆ ಹೊತ್ತು ಕಾಲೇಜಿನ ಹಿಂದಿನ ಬಯಲಿನಲ್ಲಿ ಅವನು ಎಡಗಡೆಗೆ ದಾಳಿ ಮಾಡುವುದನ್ನು ಅಭ್ಯಾಸ ಮಾಡುತ್ತಾನೆ. ಆ ಮೂಲೆಯಲ್ಲಿ ನಿಲ್ಲಲು ಯಾರೂ ಸಿಗದ ದಿನ ಅಂಕದ ಪುಸ್ತಕವನ್ನು ಕಲ್ಲಿನ ಮೇಲಿಟ್ಟು ನಾನೇ ನಿಲ್ಲುತ್ತೇನೆ. ನಿನ್ನೆ ಎರಡು ಸಲ ಹಿಡಿದೆ.